ಎರಡನೇ ಅಧ್ಯಾಯದಲ್ಲಿ ಸುಟ್ಟುಹೋಗುವ ಊರು

ಮೊನ್ನೆ ಒಂದು ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಮಳೆಗಾಲಕ್ಕೆ ಪಾಚಿ ಕಟ್ಟಿದ್ದ ಮೊಗಸಾಲೆಯನ್ನು ಆಗಷ್ಟೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದರು. ಆ ಘಾಟು ಮೂಗಿಗೆ ಏರಿದ್ದೇ ತಡ, ವೇದಿಕೆ, ಮೈಕು, ಸಾಲಾಗಿ ಕೂತ ಮಕ್ಕಳು ಎಲ್ಲವೂ ಹಿಂದಕ್ಕೆ ಸರಿದು ನಮ್ಮ ರೇಷ್ಮೆಹುಳದ ಮನೆ ಕಣ್ಣೆದುರು ನಿಂತಿತು. ಒಂದು ಬೆಳೆಯ ರೇಷ್ಮೆಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದಿನ ಬೆಳೆಯ ಹುಳ ತರುವ ಮುಂಚೆ, ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಅದೇ ಪುಡಿ ಕಲಸಿದ ನೀರಿನಲ್ಲಿ ಗೋಡೆ, ನೆಲ, ಬಿದಿರಿನ ತಟ್ಟೆ ಎಲ್ಲವನ್ನೂ ತೊಳೆಯುತ್ತಿದ್ದಳು. ಅವಳ ಕೈಯಿಂದ ಆ ವಾಸನೆ ಹೋಗುತ್ತಲೇ ಇರಲಿಲ್ಲ. ಮುದ್ದೆ ಕಟ್ಟಿ ಇಟ್ಟರೂ ಅದರಲ್ಲಿ ಒಸಿ ಬರುತ್ತಿತ್ತು. ಮೊನ್ನೆಯ ಸ್ಪರ್ಧೆಯ ವಿಷಯ, ಹದಿಹರೆಯದವರಿಗೆ ಬರೆಯುವ ಫ್ಯಾಂಟಸಿ ಕಾದಂಬರಿಗಳು ಬೇಕೋ ಬೇಡವೋ ಎಂಬುದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೇಕೇ ಬೇಕು, ಅವು ಧೈರ್ಯ ಕಲಿಸುತ್ತವೆ ಎಂದು ಮೇಜು ಗುದ್ದಿ ವಾದಿಸಿದಳು. ಅವಳಿಗೇ ಮೊದಲ ಬಹುಮಾನ ಕೊಟ್ಟೆ. ವಾದ ಚೆನ್ನಾಗಿತ್ತು ಎಂದು ಕೊಟ್ಟೆ, ಒಪ್ಪಿಗೆಯಾಯಿತು ಎಂದಲ್ಲ.

ಬಿಡದಿಯಿಂದ ಮಾಗಡಿ ದಿಕ್ಕಿಗೆ ಒಳದಾರಿ ಹಿಡಿದರೆ ನಮ್ಮೂರು ಸಿಗುತ್ತಿತ್ತು. ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ಸವಿತಕ್ಕ, ನನ್ನ ಅಪ್ಪ ಅಮ್ಮ ಮತ್ತು ನಾನು ಒಂದೇ ಸೂರಿನಡಿ ಇದ್ದೆವು. ಮನೆಯ ಗಾಳಿ ಬೆಳಕಿರುವ ಭಾಗವೆಲ್ಲ ಹುಳಕ್ಕೆ, ಉಳಿದದ್ದು ನಮಗೆ. ವಾಸನೆ ಹುಳಕ್ಕೆ ಆಗದೆಂದು, ಹುಳವಿದ್ದಷ್ಟು ದಿನ ಒಗ್ಗರಣೆ ಘಾಟೇಳುವಂತಿರಲಿಲ್ಲ, ಅಪ್ಪನ ಬೀಡಿ ಬೀದಿ ದಾಟಬೇಕಿತ್ತು, ಅಮ್ಮ ಮಲ್ಲಿಗೆ ಮುಡಿದರೂ ದೊಡ್ಡವ್ವ ಹುಬ್ಬು ಗಂಟಿಕ್ಕುತ್ತಿದ್ದಳು. ಸಂಜೆ ಹಿಪ್ಪುನೇರಳೆ ಸೊಪ್ಪು ಹಾಕಿ ಎಲ್ಲರೂ ಸುಮ್ಮನಾದಾಗ ಹುಳ ಮೇಯುವ ಸದ್ದು ಏಳುತ್ತಿತ್ತು. ಅದನ್ನು ಸೋನೆಮಳೆ ಅನ್ನುವವರೇ ಎಲ್ಲ. ನನಗೆ ಮಾತ್ರ ಸಾವಿರ ಜನ ಒಟ್ಟಿಗೆ ಪುಸ್ತಕದ ಹಾಳೆ ಮಗುಚುತ್ತಿದ್ದಾರೆ ಅನ್ನಿಸುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ತಟ್ಟೆಗೆ ಹಾಸಲು ದೊಡ್ಡಪ್ಪ ಬಿಡದಿಯಿಂದ ರದ್ದಿ ಪೇಪರಿನ ಕಟ್ಟು ತರುತ್ತಿದ್ದ. ಕಾರ್ಖಾನೆಗಳು ಬಂದು, ಕ್ವಾರ್ಟರ್ಸುಗಳೆದ್ದು, ಅಲ್ಲಿನ ಮನೆಗಳ ರದ್ದಿ ನಮ್ಮ ಹುಳದಡಿಗೆ ಬರುವ ಕಾಲ ಅದು. ಆ ಕಟ್ಟುಗಳ ನಡುವೆ ರಟ್ಟು ಕಿತ್ತ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು ಸಿಗುತ್ತಿದ್ದವು. ಡ್ರ್ಯಾಗನ್ನುಗಳು, ಮಂತ್ರದ ಕತ್ತಿಗಳು, ಭವಿಷ್ಯವಾಣಿಯಲ್ಲಿ ಹೆಸರಿದ್ದ ಅನಾಥ ಹುಡುಗರು.

"ಇವ್ಯಾತಕ್ ಬಂದ್ವು? ತಟ್ಟೆಗ್ ಹಾಸಕ್ಕಾಗಲ್ಲ, ಒಲೆಗಾಕುದ್ರೆ ಬರೀ ಹೊಗೆ," ಎಂದು ದೊಡ್ಡವ್ವ ಅವನ್ನು ಮೂಲೆಗೆ ಎಸೆದರೆ ಸವಿತಕ್ಕ ಎತ್ತಿಕೊಳ್ಳುತ್ತಿದ್ದಳು. ಅವಳು ರಾಮನಗರಕ್ಕೆ ಪಿಯುಸಿಗೆ ಹೋಗುತ್ತಿದ್ದಳು. ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ಹುಳದ ಮನೆಯ ಹೊಸ್ತಿಲಲ್ಲಿ ಕೂತು ಓದುವುದು, ಸೊಪ್ಪು ಹೆಚ್ಚುತ್ತ ಅದನ್ನೇ ಕನ್ನಡದಲ್ಲಿ ನನಗೆ ಹೇಳುವುದು, ಇದು ನಮ್ಮ ಪದ್ಧತಿ. ನಮ್ಮ ಶಾಲೆಯಲ್ಲಿ ಚರ್ಚೆ ಕಲಿಸುವ ಮೇಷ್ಟ್ರು ಆಗ ತಾನೇ ನನ್ನ ಬಾಯಿಗೆ ಸಾಣೆ ಹಿಡಿಯುತ್ತಿದ್ದರು. ನನಗೆ ಎದುರಾಳಿ ಬೇಕಿತ್ತು.

"ಅಕ್ಕ, ಆ ಅನಾಥ ಹುಡುಗನ್ನ ಸಾಕಿದ್ಲಲ್ಲ ಅತ್ತೆ, ಅವ್ಳೇನಾದ್ಲು?"

"ಸತ್ತೋದ್ಲು ಕಣೆ. ಎರಡ್ನೇ ಅಧ್ಯಾಯದಲ್ಲೇ ಊರೆಲ್ಲ ಸುಟ್ಟಾಕ್‌ಬುಟ್ರಲ್ಲ."

"ಆಮೇಲೆ?"

"ಆಮೇಲೇನು, ಅವ್ನು ಕತ್ತಿ ತಗಂಡು ಹೊಂಟ."

"ಅತ್ತೆ ತಿಥಿ ಮಾಡ್ಲಿಲ್ವಾ?"

"ಥೂ ನಿನ್ನ, ಕತೆ ಕೇಳ್ತೀಯೋ ಲಾಯರ್‌ಗಿರಿ ಮಾಡ್ತೀಯೋ?"

ಒಳಗಿಂದ ದೊಡ್ಡವ್ವ, "ಅವ್ಳು ಹುಟ್ದಾಗ್ಲೂ ಅಳ್ಳಿಲ್ಲ ಕಣವ್ವ, ಸೂಲಗಿತ್ತಿ ಜೊತೆ ವಾದ ಮಾಡುದ್ಲು," ಅನ್ನುತ್ತಿದ್ದಳು.

ನನ್ನ ತಕರಾರು ಇವತ್ತಿಗೂ ಅದೇ. ಆಮೇಲೆ ಅಂಥ ಪುಸ್ತಕಗಳನ್ನು ಹಟ ತೊಟ್ಟು ಓದಿದ್ದೇನೆ, ಓದದೆ ಬಯ್ಯುವವಳಲ್ಲ. ಬಹುಪಾಲು ಕಾದಂಬರಿಗಳಲ್ಲಿ ನಾಯಕನ ಹುಟ್ಟೂರು ಇರುವುದೇ ಸುಡುವುದಕ್ಕೆ. ಅವನನ್ನು ಎತ್ತಿ ಆಡಿಸಿದವರು, ಅವನ ಅಂಗಿಗೆ ತೇಪೆ ಹಾಕಿದವರು ಎಲ್ಲ ಸತ್ತರೇನೇ ಅವನ ಕಾಲಿಗೆ ದಾರಿ ಸಿಗುವುದು. ಮುಂದಿನ ನಾನೂರು ಪುಟದಲ್ಲಿ ಅವರ ನೆನಪು ಬರುವುದು ಅವನಿಗೆ ಸಿಟ್ಟು ಬರಿಸಬೇಕಾದಾಗ ಮಾತ್ರ. ಇನ್ನು ಆ ಬಡಹುಡುಗ ಕೊನೆಗೆ ರಾಜನ ಮಗನೇ ಆಗಿರುತ್ತಾನೆ. ಸೊಪ್ಪು ಕುಯ್ಯುವವಳ ಮಗ ಸೊಪ್ಪು ಕುಯ್ಯುವವಳ ಮಗನಾಗಿಯೇ ಉಳಿದು ಗೆದ್ದ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ನೋಡಿದವರಿದ್ದರೆ ಹೇಳಿ, ಸೋಲೊಪ್ಪುತ್ತೇನೆ. ಇದನ್ನೆಲ್ಲ ಕನಸು ಕಾಣುವ ಸ್ವಾತಂತ್ರ್ಯ ಅನ್ನುತ್ತಾರೆ. ರಕ್ತ ನೋಡಿ ಮಣೆ ಹಾಕುವ ನಮ್ಮ ಹಳೆಯ ಚಾಳಿಗೂ ಇದಕ್ಕೂ ಏನು ವ್ಯತ್ಯಾಸ?

ಆ ಪುಸ್ತಕಗಳ ಮೊದಲ ಪುಟದಲ್ಲಿ ನಕ್ಷೆಯೊಂದು ಇರುತ್ತಿತ್ತು. ಬೆಟ್ಟ, ಕಾಡು, ಬಾಗಿ ಹರಿಯುವ ನದಿ. ಸವಿತಕ್ಕ ಅದರ ಮೇಲೆ ಬೆರಳಾಡಿಸಿ ಮೈಮರೆಯುತ್ತಿದ್ದಳು. ನಮ್ಮೂರಿಗೂ ಒಂದು ನಕ್ಷೆ ಬಂತು. ಯಾವುದೋ ಬಿಡಿಭಾಗದ ಕಾರ್ಖಾನೆಗೆ ಜಮೀನು ಬೇಕಾಗಿತ್ತು. ನಕ್ಷೆ ತಂದ ಸಾಹೇಬರು ಮೃದು ಮಾತಿನವರು. ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಊರವರೆಲ್ಲ ಸಹಿ ಹಾಕಿಯಾಗಿತ್ತು, ದೊಡ್ಡಪ್ಪನೂ ಹಾಕಿದ. ದೊಡ್ಡವ್ವ ಮಜ್ಜಿಗೆ ತಂದುಕೊಟ್ಟು ಒಂದೇ ಮಾತು ಕೇಳಿದಳು:

"ಹೊಲ ತಗಳಿ ಸ್ವಾಮಿ. ಗಿಡದಲ್ಲಿ ಸೊಪ್ಪು ತುಂಬಿ ನಿಂತದೆ. ಒಂದ್ ಬೆಳೆ ಹುಳ ಮೇಯ್ಸ್‌ಕತ್ತೀನಿ, ಗೂಡು ಕಟ್ಟೋಗಂಟ ತಡೀರಿ."

"ಆಯ್ತಮ್ಮ," ಅಂದರು ಸಾಹೇಬರು, ಲೋಟ ಕೆಳಗಿಡುತ್ತ.

ನಮ್ಮ ಕಡೆ ಒಂದು ನಡವಳಿಕೆಯಿತ್ತು. ಹುಳ ಮೇಯುತ್ತಿರುವ ಮನೆಯ ಸೊಪ್ಪಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಅಣ್ಣತಮ್ಮಂದಿರು ಕೊಡಲಿ ಹಿಡಿದು ಕಾದಾಡುವಾಗಲೂ ಗೂಡು ಬಿಡಿಸುವವರೆಗೆ ತೋಟದ ತಂಟೆಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಮಜ್ಜಿಗೆ ಕುಡಿದ ಮನುಷ್ಯ ಆಯ್ತು ಅಂದಮೇಲೆ ಆಯ್ತು. ದೊಡ್ಡವ್ವ ಅಷ್ಟರ ಮೇಲೆ ನಂಬಿ ಹುಳ ತಂದಳು. ನಾನು ಸವಿತಕ್ಕನಿಗೆ ಹೇಳಿದೆ, "ಅದು ಮಾತು ಕೊಟ್ಟಿದ್ದಲ್ಲ ಅಕ್ಕ. ಹೊರಡಕ್ಕೆ ಮುಂಚೆ ಅಂತಾರಲ್ಲ, ಆ ಆಯ್ತು."

ಅವಳು ಕೆರಳಿದಳು. ಅವಳ ಪುಸ್ತಕಗಳಲ್ಲಿ ಆಣೆ ಮುರಿದವನ ಕೈ ಕಲ್ಲಾಗುತ್ತಿತ್ತು. "ನಿಂಗೆ ಯಾರ್ ಮೇಲೂ ನಂಬ್ಕೆ ಇಲ್ಲ ಕಣೆ. ಹಿಂಗೇ ಆದ್ರೆ ನೀನು ಒಬ್ಳೇ ಉಳ್ಕತೀಯ, ನೋಡ್ತಿರು," ಅಂದಳು.

ವಾದ ನಾನು ಗೆದ್ದೆ. ಅಂಥ ಗೆಲುವು ಯಾರಿಗೂ ಬೇಡ.

ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಹುಳಕ್ಕೆ ಜೀವಮಾನದ ಹಸಿವೆಲ್ಲ ಒಟ್ಟಿಗೆ ಬರುವುದು ಆಗಲೇ. ಮಂಕರಿಗಟ್ಟಲೆ ಸುರಿದರೂ ಸಾಲದು. ಅವತ್ತು ಬೆಳಗ್ಗೆ ಹೊಲಕ್ಕೆ ಜೆಸಿಬಿ ಬಂತು. ಸವಿತಕ್ಕ ಕುಡುಗೋಲು ಹಿಡಿದು ಓಡಿ ಅದರ ಎದುರು ನಿಂತಳು. ಗಾಳಿಗೆ ಲಂಗ ಹಾರುತ್ತಿತ್ತು, ಗದ್ದ ಮೇಲೆತ್ತಿದ್ದಳು. ಆ ನಿಲುವನ್ನು ಅವಳು ಓದುವ ಯಾವ ಪುಸ್ತಕದ ರಟ್ಟಿನ ಮೇಲಾದರೂ ಹಾಕಬಹುದಿತ್ತು. ಜೆಸಿಬಿಯವನು ಕನಕಪುರ ಕಡೆಯವನು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

"ಅಕ್ಕಾ, ಪಕ್ಕಕ್ ಬಾರಕ್ಕಾ. ನಮ್ಮನೇಲೂ ಹುಳ ಮೇಯುಸ್ತಾರೆ, ನಂಗೊತ್ತಾಗಲ್ವಾ? ನಾನಿಲ್ದಿದ್ರೆ ಇನ್ನೊಬ್ಬನ್ನ ಕಳುಸ್ತಾರೆ," ಅಂದ. ಆಮೇಲೆ ಎಂಜಿನ್ ಆಫ್ ಮಾಡಿ ಕೆಳಗಿಳಿದು ನಮ್ಮ ಜೊತೆ ತಾನೂ ಸೊಪ್ಪು ಕುಯ್ಯತೊಡಗಿದ. ದೊಡ್ಡವ್ವ ಎರಡು ಕೈಯಲ್ಲಿ ಬಾಚಿ ಬಾಚಿ ಕುಯ್ದಳು, ಬೆರಳು ಕುಯ್ದುಕೊಂಡರೂ ನಿಲ್ಲಿಸಲಿಲ್ಲ. ಅವನ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೊಮ್ಮೆ ಎತ್ತಿದ, ಬೈಸಿಕೊಂಡ, ಕುಯ್ದಿದ್ದ ಸೊಪ್ಪನ್ನು ದೊಡ್ಡವ್ವನ ಮಡಿಲಿಗೆ ಹಾಕಿ ಗಾಡಿ ಹತ್ತಿದ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಲ ನೆಲಸಮವಾಗಿತ್ತು.

ಕತ್ತಲೆಯ ದೊರೆ ಎಂಬ ಪಾತ್ರ ಕಂಡರೆ ನನಗೆ ಮೈ ಉರಿಯುವುದು ಇದಕ್ಕೇ. ಆ ಪುಸ್ತಕಗಳಲ್ಲಿ ಕೇಡಿಗೆ ಒಂದು ಗೋಪುರವಿರುತ್ತದೆ, ಒಂದು ಹೆಸರಿರುತ್ತದೆ, ಇರಿದರೆ ಸಾಯುವ ಎದೆಯಿರುತ್ತದೆ. ನಾವು ಯಾರನ್ನು ಇರಿಯಬೇಕಿತ್ತು? ಮಜ್ಜಿಗೆ ಕುಡಿದ ಸಾಹೇಬರನ್ನೋ, ಸೊಪ್ಪು ಕುಯ್ದುಕೊಟ್ಟ ಹುಡುಗನನ್ನೋ, ಸಹಿ ಹಾಕಿ ಆ ದಿನ ಮನೆಯಿಂದಲೇ ಆಚೆ ಬರದೆ ಕೂತ ದೊಡ್ಡಪ್ಪನನ್ನೋ? ಕೇಡಿಗೆ ಮುಖವಿದೆ ಎಂದು ಮಕ್ಕಳಿಗೆ ಹೇಳಿಕೊಡುವುದು ಧೈರ್ಯ ಕಲಿಸಿದಂತಲ್ಲ, ಕಣ್ಣು ಕಟ್ಟಿದಂತೆ.

ತಂದ ಸೊಪ್ಪನ್ನು ಒದ್ದೆ ಗೋಣಿ ಮುಚ್ಚಿ ಒಂದೆರಡು ದಿನ ಎಳೆದಾಡಿದೆವು. ಅಕ್ಕಪಕ್ಕದ ಹೊಲಗಳೆಲ್ಲ ಅದೇ ನಕ್ಷೆಯೊಳಗೆ ಬಿದ್ದಿದ್ದರಿಂದ ಕೇಳಲು ಯಾರ ಬಳಿಯೂ ಸೊಪ್ಪಿರಲಿಲ್ಲ. ಹುಳ ತಲೆಯೆತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದವು. ಒಳಗಿನ ಸದ್ದು ನಿಂತುಹೋಗಿತ್ತು. ಕೊನೆಗೆ ದೊಡ್ಡವ್ವ ಟೆಂಪೋ ಒಂದಕ್ಕೆ ತಟ್ಟೆಗಳನ್ನು ಏರಿಸಿ ತವರೂರು ಕಲ್ಯಕ್ಕೆ ಹೊತ್ತೊಯ್ದು ಬಿಟ್ಟುಬಂದಳು. ಅಲ್ಲಿ ಅವಳ ಅಣ್ಣನಿಗೆ ಹಿಪ್ಪುನೇರಳೆ ತೋಟವಿತ್ತು. ಅವರು ಬೇಡವೆನ್ನಲಿಲ್ಲ. ತಮ್ಮ ಹುಳಕ್ಕೆ ರೋಗ ತಗುಲೀತೆಂದು ಇವನ್ನು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಇಟ್ಟು, ಮಿಕ್ಕ ಸೊಪ್ಪು ಹಾಕಿದರು.

ಗೂಡು ಬಿಡಿಸುವ ದಿನ ದೊಡ್ಡವ್ವ, ಸವಿತಕ್ಕ ಮತ್ತು ನಾನು ಬಸ್ಸು ಹಿಡಿದು ಹೋದೆವು. ಹುಳ ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ದೂರದಿಂದ ಹಳದಿಯ ಚುಕ್ಕಿ ಇಟ್ಟಂತೆ ಕಾಣುತ್ತಿತ್ತು. ಸವಿತಕ್ಕ ನನ್ನ ತೋಳು ಹಿಂಡಿದಳು. "ನೋಡ್ದಾ? ಕಟ್ಟವೆ! ಅವ್ವಾ, ಕೊನೆಗೂ ಕಟ್ಟುದ್ವಲ್ಲವ್ವಾ!" ಅವಳ ಕಣ್ಣಲ್ಲಿ ಎಲ್ಲ ಪುಸ್ತಕಗಳ ಕೊನೆಯ ಪುಟದ ಬೆಳಕಿತ್ತು. ದೊಡ್ಡವ್ವ ಹತ್ತಿರ ಹೋಗಿ ಒಂದು ಗೂಡು ಬಿಡಿಸಿ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿದಳು. ಮಾರ್ಕೆಟ್ಟಿನಲ್ಲಿ ಬೆಲೆ ಸಿಗುವ ಒಳ್ಳೆಯ ಗೂಡು ಒತ್ತಿದರೆ ಬಗ್ಗುವುದಿಲ್ಲ. ಅದು ಈರುಳ್ಳಿ ಸಿಪ್ಪೆಯ ಹಾಗೆ ಒಳಕ್ಕೆ ಕುಸಿಯಿತು. ಒಳಗಿದ್ದ ಹುಳದ ನೆರಳು ಕೂಡ ಕಾಣುತ್ತಿತ್ತು.

"ಕಟ್ತವೆ ಕಣವ್ವ," ಅಂದಳು. "ಹೊಟ್ಟೆಗಿಲ್ದಿದ್ರೂ ಕಟ್ತವೆ. ಅವ್ಕೇನ್ ಗೊತ್ತು."

ಸವಿತಕ್ಕ ನನ್ನ ತೋಳು ಬಿಟ್ಟಳು. ದೊಡ್ಡವ್ವ ಆ ಗೂಡನ್ನು ಬಿಡಿಸಿದ ಜಾಗದಲ್ಲೇ ಮತ್ತೆ ಇಡಲು ನೋಡಿದಳು, ನಿಲ್ಲಲಿಲ್ಲ. ಇನ್ನೊಮ್ಮೆ ಇಟ್ಟಳು. ಬಸ್ಸಿಗೆ ಹೊತ್ತಾಗುತ್ತದೆಂದು ಅವಳ ಅಣ್ಣನ ಹೆಂಡತಿ ಎರಡು ಸಲ ಕರೆದ ಮೇಲೆ ಅದನ್ನು ಅಂಗೈಯಲ್ಲೇ ಹಿಡಿದು ಹೊರಟಳು.