ರೋಮ್‌, ಲಂಡನ್‌, ನಡುವೆ ಒಂದು ಗಂಟೆ

ಪಾಟೀಲ ಸರ್, ನಿಮ್ಮ ಕಣ್ಣು ಕಳೆದವನು ನಾನು. ಕುವೈತಿಗೆ ನುಗ್ಗಿದ ಸೈನ್ಯ ಎಂದು ನೀವು ಎಲ್ಲರಿಗೂ ಹೇಳುತ್ತ ಬಂದಿರಿ, ಪಕ್ಕದಲ್ಲಿ ಕೂತು ನಾನೂ ಹೂಂಗುಟ್ಟಿದೆ. ಮೂವತ್ತು ವರ್ಷ—

ಕುವೈತಿನ ಫರ್ವಾನಿಯಾದಲ್ಲಿ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದೆ. ನಿಮ್ಮ ಒಂದು ಕಣ್ಣು ಮೊದಲೇ ಹೋಗಿತ್ತು; ಇನ್ನೊಂದರ ಆಪರೇಷನ್ನಿಗೆ ಲಂಡನ್ನಿನ ಆಸ್ಪತ್ರೆ ಜುಲೈ ಕೊನೆಯ ದಿನ ಮಧ್ಯಾಹ್ನ ಎರಡರೊಳಗೆ ಬನ್ನಿ ಎಂದಿತ್ತು. ರೋಮ್‌ನಲ್ಲಿ ವಿಮಾನ ಬದಲಿಸಬೇಕು. ಅಲ್ಲಿಂದ ಹತ್ತಕ್ಕೆ ಹೊರಟರೆ ಎರಡೂವರೆ ಗಂಟೆ ಹಾರಾಟ. ಹನ್ನೆರಡೂವರೆಗೆ ಇಳಿದು ಆಸ್ಪತ್ರೆ ಮುಟ್ಟಲು ಇನ್ನೆರಡು ಗಂಟೆ—ಆಗುವುದಿಲ್ಲ ಎಂದುಬಿಟ್ಟೆ. ಲಂಡನ್ನಿನ ಗಡಿಯಾರ ರೋಮಿಗಿಂತ ಒಂದು ಗಂಟೆ ಹಿಂದೆ, ಒಂದೂವರೆಗೇ ಮುಟ್ಟಬಹುದು ಎಂಬುದು, ದಿನವಿಡೀ ಅದನ್ನೇ ಮಾಡುವವನಿಗೆ, ಹೊಳೆಯಲಿಲ್ಲ. ನನ್ನನ್ನು ನಂಬಿ ಆಪರೇಷನ್ ಮುಂದೂಡಿಸಿದಿರಿ. ಹೊಸ ಟಿಕೆಟ್ ಆಗಸ್ಟ್ ಎರಡಕ್ಕೆ. ಆ ದಿನ ಬೆಳಗಾಗುವಷ್ಟರಲ್ಲಿ ವಿಮಾನ ನಿಲ್ದಾಣ ಇರಾಕಿ ಸೈನಿಕರ ಕೈಯಲ್ಲಿತ್ತು.

ಒಬ್ಬನೇ ಇರಬೇಡ ಎಂದು ನಿಮ್ಮ ಮನೆಯವರು, ಸರೋಜಕ್ಕ, ನನ್ನನ್ನು ಮಂಗಫಿನ ನಿಮ್ಮ ಫ್ಲಾಟಿಗೆ ಕರೆಸಿಕೊಂಡರು. ಕಿಟಕಿಗೆ ಕಂಬಳಿ, ಕೆಳಗೆ ಟ್ಯಾಂಕು, ಹೊರಗೆ ಕಾಲಿಡುವಂತಿಲ್ಲ. ಮೂರನೇ ದಿನ ರೇಡಿಯೋ ಲಂಡನ್ನಿನ ಗಂಟೆ ಹೇಳಿದಾಗ ನಾನು ಲೆಕ್ಕಕ್ಕೆ ಹಿಡಿಯದ ಆ ಒಂದು ಗಂಟೆ ನೆನಪಾಯಿತು. ಅಲ್ಲಿಂದ ಆ ಕೋಣೆಯೊಳಗೂ ನನಗೆ ಮುಖ ಮರೆಸಿಕೊಳ್ಳಲು ಜಾಗವಿರಲಿಲ್ಲ.

ಹೊತ್ತು ಹೋಗಲೆಂದು ನೀವು ಅಟ್ಲಾಸ್ ತೆಗೆಸಿದಿರಿ. ಕಣ್ಣು ಮಂಜಾಗುತ್ತಿತ್ತು; ಅಕ್ಕ ಹೊಲಿಗೆಯ ದಾರವನ್ನು ರೋಮ್‌ನಿಂದ ಲಂಡನ್ನಿಗೆ ಎಳೆದು ಹಿಡಿದರು, ನೀವು ಬಾಯಲ್ಲೇ ಲೆಕ್ಕ ಹಾಕಿದಿರಿ—ಸಾವಿರದ ನಾಲ್ಕುನೂರು ಕಿಲೋಮೀಟರ್, ಎರಡೂವರೆ ತಾಸು. ಆಮೇಲೆ ನನ್ನ ಕಡೆ ತಿರುಗಿದಿರಿ.

“ಅಲ್ಲೋ ತಮ್ಮಾ, ಲಂಡನ್ನಿನ ಗಡಿಯಾರ ರೋಮಿಗಿಂತ ಒಂದ್ ತಾಸು ಹಿಂದ ಇರ್ತೈತಲ್ಲ?”

“ಸಮ್ಮರ್‌ನಲ್ಲಿ ಎರಡು ಕಡೇನೂ ಒಂದೇ ಟೈಮು ಸರ್.”

ಟಿಕೆಟ್ ಬರೆಯುವವನ ಮಾತು—ನೀವು ಎದುರಾಡಲಿಲ್ಲ. “ಹಂಗಾದ್ರ ಖಲಾಸ್. ನಿಂದೇನೂ ತಪ್ಪಿಲ್ಲ ಬಿಡು” ಎಂದಿರಿ. ಅಕ್ಕ ದಾರ ಸುತ್ತಿಟ್ಟು, ಉಳಿದಿದ್ದ ಒಂದೇ ರೊಟ್ಟಿಯಲ್ಲಿ ದೊಡ್ಡ ಪಾಲು ನನಗೆ ಮುರಿದುಕೊಟ್ಟರು. ತಿಂದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಮೊದಲನೆಯದು ಕೈತಪ್ಪು. ಎರಡನೆಯದು ಸುಳ್ಳು, ತಿಳಿದೇ ಹೇಳಿದೆ. ನೀವು ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ ಎಂಬ ಹೆದರಿಕೆ—ಇಲ್ಲ, ನೆವ ಬೇಡ. ಜೋರ್ಡಾನಿನ ದಾರಿಯಾಗಿ ಬಾಂಬೆಗೆ ಬಂದಿಳಿದಾಗ ನಿಮಗೆ ಮೆಟ್ಟಿಲು ಕಾಣುತ್ತಿರಲಿಲ್ಲ, ನಾನೇ ಕೈ ಹಿಡಿದು ಇಳಿಸಿದೆ. “ಹೊಟ್ಟೀಲೆ ಹುಟ್ಟಿದ ಮಗನೂ ಹಿಂಗ ನೋಡಂಗಿಲ್ಲ” ಎಂದಿರಿ. ನಾನು ಆಗಲೂ ಬಾಯಿ ಬಿಡಲಿಲ್ಲ.

ಎಷ್ಟೋ ಸಲ ಹೇಳಬೇಕೆಂದೇ ಫೋನ್ ಮಾಡಿದೆ. ನೀವು ಊಟ ಆಯ್ತೇನೋ ಎನ್ನುತ್ತಿದ್ದಿರಿ, ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಈ ಕಾಗದ. ಭಾನುವಾರ ನಿಮ್ಮೆದುರು ಬಂದು ನಿಲ್ಲುತ್ತೇನೆ; ಅಷ್ಟರೊಳಗೆ ನಿಮಗೆ ಎಲ್ಲ ಗೊತ್ತಿರಬೇಕು.

ಆದರೆ ಇದನ್ನು ನೀವು ಓದಲಾರಿರಿ. ಅಕ್ಕಾ, ಅವರಿಗೆ ನೋವಾದೀತೆಂದು ಇಲ್ಲಿಯವರೆಗೆ ಮನಸ್ಸಿನಲ್ಲೇ ಓದಿಕೊಂಡಿದ್ದರೆ—ದಯವಿಟ್ಟು ಮೊದಲಿನಿಂದ ಗಟ್ಟಿಯಾಗಿ ಓದಿ.