ಮೋನಪ್ಪನವರ ಬಿಸಿ ಎಂಜಿನ್

ಗೋರೆಗಾಂವಿನ ಆ ಬಿಲ್ಡಿಂಗಿನಲ್ಲಿ ಮೋನಪ್ಪನವರನ್ನು ಪುಕ್ಕಲ ಎಂದು ಯಾರೂ ಕರೆದವರಲ್ಲ. ಹದಿನಾರನೇ ವಯಸ್ಸಿಗೆ ಉಡುಪಿಯ ಕಡೆಯಿಂದ ಬಸ್ಸು ಹತ್ತಿ ಬಂದು, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಗಲ್ಲಾದಲ್ಲಿ ಕುಳಿತು, ಕೊನೆಗೆ ಅದೇ ಹೋಟೆಲಿನ ಪಾಲುದಾರರಾದವರು. ಕುಡಿದು ಬಂದ ಗಿರಾಕಿಯೊಬ್ಬನನ್ನು ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದ ಕತೆಯನ್ನು ಅವರೇ ಹತ್ತಾರು ಸಲ ಹೇಳಿದ್ದಾರೆ. ಅಂಥ ಮನುಷ್ಯ ಹೆದರುತ್ತಿದ್ದುದು ಒಂದೇ ವಸ್ತುವಿಗೆ. ಪಾರ್ಕಿಂಗಿನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುತ್ತಿದ್ದ ತನ್ನದೇ ಎರಡು ಬಾಗಿಲಿನ ಕೆಂಪು ಜಪಾನಿ ಕಾರಿಗೆ.

ಅದರದು ರೋಟರಿ ಎಂಜಿನ್. ಮೇಲೆ ಕೆಳಗೆ ಹೋಗುವ ಪಿಸ್ಟನ್ ಅದರಲ್ಲಿಲ್ಲ, ಮೂರು ಮೂಲೆಯ ಕಬ್ಬಿಣದ ತುಂಡು ಗೂಡಿನೊಳಗೆ ಗರಗರ ತಿರುಗುತ್ತದೆ. ಕೇಳಿದವರಿಗೆಲ್ಲ ಮೋನಪ್ಪ, "ನಮ್ಮ ಗ್ರೈಂಡರಿನ ಹಾಗೇ ಮಾರಾಯ್ರೆ, ಹಿಟ್ಟಿನ ಬದಲು ಪೆಟ್ರೋಲು" ಎನ್ನುತ್ತಿದ್ದರು. ಹೋಟೆಲಿಗೆ ದಿನಾ ಇಡ್ಲಿಗೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರ ಕಾರು ಅದು. ಹೊರಗೆ ಅದರ ಸದ್ದು ಕೇಳಿದರೆ ಸಾಕು, ಗಲ್ಲಾದಲ್ಲಿದ್ದ ಮೋನಪ್ಪನವರ ಕಿವಿ ನೆಟ್ಟಗಾಗುತ್ತಿತ್ತು. ಇಪ್ಪತ್ತು ವರ್ಷ ಹಾಗೆ ಕೇಳಿಸಿಕೊಂಡ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ಆ ಮುದುಕರು ಕೀಲಿಯನ್ನು ಇವರ ಕೈಗಿಟ್ಟರು. ಜೊತೆಗೆ ಒಂದು ಮಾತನ್ನೂ ಹೇಳಿದರು: ಎಂಜಿನ್ ಬಿಸಿಯಿರುವಾಗ ಮಾತ್ರ ದಾರಿಯಲ್ಲಿ ಆಫ್ ಮಾಡಬೇಡ.

ಆ ಕಬ್ಬಿಣದ ಮೂರು ಮೂಲೆಗಳಲ್ಲಿ ತೆಳ್ಳಗಿನ ಪಟ್ಟಿಗಳಿವೆ. ಅವು ಸವೆದರೆ ಎಂಜಿನ್ನಿನ ದಮ್ಮು ಹೋಗುತ್ತದೆ. ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗುತ್ತದೆ. ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಗಂಟೆಗಟ್ಟಲೆ ಏಳುವುದಿಲ್ಲ, ಒಂದು ದಿನ ಏಳುವುದೇ ಇಲ್ಲ. ಬಿಡಿಭಾಗ ಸಿಗುವ ಕಾಲ ಎಂದೋ ಮುಗಿದಿತ್ತು. ಹಾಗಾಗಿ ಮೋನಪ್ಪನವರ ಭಾನುವಾರಗಳೆಲ್ಲ ಹೆದರಿಕೆಯಲ್ಲೇ ಕಳೆದವು. ಸಿಗ್ನಲಿನಲ್ಲಿ ಹೆದರಿಕೆ, ನಾಕಾಬಂದಿಯಲ್ಲಿ ಪೊಲೀಸ್ ಕೈ ಅಡ್ಡ ಹಿಡಿದರೆ ಹೆದರಿಕೆ. ಪೆಟ್ರೋಲ್ ಪಂಪಿನಲ್ಲಿ ಎಂಜಿನ್ ನಿಲ್ಲಿಸಲೇಬೇಕಲ್ಲ, ಅದಕ್ಕೆ ಬೆಳಿಗ್ಗೆ ತಣ್ಣಗಿರುವಾಗಲೇ ವಾಚ್‌ಮನ್ನನ್ನು ಸೇರಿಸಿಕೊಂಡು ಗೇಟಿನ ಎದುರಿನ ಪಂಪಿಗೆ ಕಾರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಇಡೀ ಬಿಲ್ಡಿಂಗು ಬಾಲ್ಕನಿಯಲ್ಲಿ ನಿಂತು ನಗುತ್ತಿತ್ತು.

ಹೆಂಡತಿ ನಾಗರತ್ನಾ ಮಾತ್ರ ನಗುತ್ತಿರಲಿಲ್ಲ. "ಓಡುವಾಗ ಹೆದರುವ ಜನ ಉಂಟು. ನಿಲ್ಲುವುದಕ್ಕೆ ಹೆದರುವವರನ್ನು ನಿಮ್ಮನ್ನೇ ನೋಡಿದ್ದು" ಎನ್ನುತ್ತಿದ್ದರು.

ಈ ಜೂನಿನಲ್ಲಿ ಹೊಸ ಹೆದರಿಕೆಯೊಂದು ಸೇರಿಕೊಂಡಿತು. ಕಾರಿನೊಳಗೆ ಹೊಗೆಯ ವಾಸನೆ. ಕೆಳಗೆ ಹೊಗೆ ಕೊಳವೆಯ ಜೋಡಣೆ ಬಿರುಕು ಬಿಟ್ಟಿದೆ ಎಂದು ಮೋನಪ್ಪನವರಿಗೆ ಗೊತ್ತಾಯಿತು. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಎಂಜಿನ್ನಿಗೂ ಕೈ ಹಾಕುತ್ತಾನೆ, ಬಿಚ್ಚಿದ್ದು ಮತ್ತೆ ಕೂಡುವುದಿಲ್ಲ ಎಂಬ ದಿಗಿಲು. ಎರಡು ವಾರ ಗಾಜು ಇಳಿಸಿಕೊಂಡೇ ಓಡಿಸಿದರು. ನಾಗರತ್ನಾಗೆ ಹೇಳಲಿಲ್ಲ.

ಮೂರನೇ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ವಡಾಲಕ್ಕೆ ಹೋಗಿ, ಎಂಜಿನ್ ನಿಲ್ಲಿಸದೆಯೇ ಮಗಳು ವಿನೋದಿನಿಯ ಮನೆಯಿಂದ ಮೊಮ್ಮಗಳು ಯಕ್ಷಿತಾಳನ್ನು ಕರೆದುಕೊಂಡು ಹೊರಟರು. ಯಕ್ಷಿತಾಗೆ ಐದು ವರ್ಷ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಮಾಟುಂಗಾ ಮಾರ್ಕೆಟ್ ಹತ್ತಿರ ಬರುವಷ್ಟರಲ್ಲಿ ಮಳೆ ಹೊಯ್ಯತೊಡಗಿತು, ಗಾಜು ಏರಿಸಬೇಕಾಯಿತು. ನಾಗರತ್ನಾ ಬಾಳೆಲೆ, ತರಕಾರಿ ಎಂದು ಇಳಿದುಹೋದವರು ಸ್ವಲ್ಪ ಹೊತ್ತಿಗೆ ಅಂಗಡಿಯಿಂದಲೇ ಕೈಬೀಸಿ ಕರೆದರು. ಚೀಲ ಭಾರವಾಗಿತ್ತು.

ಹತ್ತು ಹೆಜ್ಜೆಯ ದೂರ. ಬೇರೆ ಯಾರಾದರೂ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ ಇಳಿಯುತ್ತಿದ್ದರು. ಮೋನಪ್ಪ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರಲು ಬಿಟ್ಟು ಇಳಿದರು. ಸೀಟು ಒದ್ದೆಯಾಗಬಾರದೆಂದು ಬಾಗಿಲನ್ನೂ ಹಾಕಿದರು.

ಚೀಲ ಹಿಡಿದು ತಿರುಗಿದಾಗ ಯಕ್ಷಿತಾ ಹಿಂದಿನ ಸೀಟಿನಿಂದ ದಾಟಿ ಸ್ಟೇರಿಂಗಿನ ಮುಂದೆ ಕುಳಿತಿದ್ದಳು. ಬಾಗಿಲು ಎಳೆದರೆ ಬರಲಿಲ್ಲ. ಎರಡೂ ಕಡೆಯ ಲಾಕಿನ ಗುಬುಟನ್ನು ಅವಳು ಒತ್ತಿಬಿಟ್ಟಿದ್ದಳು. ಇನ್ನೊಂದು ಕೀಲಿ ಗೋರೆಗಾಂವಿನ ಕಪಾಟಿನಲ್ಲಿತ್ತು.

"ಮೇಲೆ ಎಳಿ ಪುಟ್ಟಾ. ಊಪರ್ ಖೀಂಚ್."

ಅವಳಿಗೆ ಆಟ. ನಾಲಿಗೆ ಹೊರಚಾಚಿ ಸ್ಟೇರಿಂಗ್ ತಿರುಗಿಸಿದಳು. ಮೋನಪ್ಪ ಗಾಜಿಗೆ ಮುಖ ಒತ್ತಿ ಮತ್ತೆ ಹೇಳಿದರು, ಮತ್ತೆ ಹೇಳಿದರು. ಸ್ವಲ್ಪ ಹೊತ್ತಿಗೆ ಅವಳು ನಗುವುದನ್ನು ನಿಲ್ಲಿಸಿ ಕಣ್ಣುಜ್ಜಿಕೊಂಡಳು. ಗುಬುಟನ್ನು ಹಿಡಿದು ಎಳೆದಳು, ಬೆರಳು ಜಾರಿತು. ಆಮೇಲೆ ತಲೆಯನ್ನು ಸೀಟಿಗೆ ಒರಗಿಸಿದಳು.

ಒಳಗೆ ಹೊಗೆ ತುಂಬುತ್ತಿದೆ ಎಂಬುದು ಆ ಇಡೀ ಮಾರ್ಕೆಟಿನಲ್ಲಿ ಮೋನಪ್ಪನವರೊಬ್ಬರಿಗೇ ಗೊತ್ತಿತ್ತು.

"ಹೊಗೆ ಉಂಟು ಒಳಗೆ" ಎಂದರು. ಅಷ್ಟು ಸಾಕಾಯಿತು. ನಾಗರತ್ನಾ ತರಕಾರಿಯವನ ತಕ್ಕಡಿಯಿಂದ ಎರಡು ಕಿಲೋ ತೂಕದ ಬಟ್ಟನ್ನು ಕಿತ್ತು ತಂದು ಗಂಡನ ಕೈಗೆ ಕೊಟ್ಟರು.

ಮಗುವಿರದ ಎಡಬದಿಗೆ ಹೋಗಿ ಮೋನಪ್ಪ ಕೈಯೆತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಬಾಗಿಲಿನ ಈ ಗಾಜು ಇಡೀ ದೇಶದಲ್ಲಿ ಸಿಗುವುದಿಲ್ಲ. ಹಿಂದಿನ ಚಿಕ್ಕ ಗಾಜಾದರೆ ಪುಣೆಯ ಗೆಳೆಯನ ಹತ್ತಿರ ಒಂದಿದೆ. ಅದನ್ನು ಒಡೆದರೆ ಕೈ ತೂರಿಸಿ ಗುಬುಟು ಮುಟ್ಟಬಹುದೇ? ಕಣ್ಣಿನಲ್ಲೇ ಅಳೆದರು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ನಾಗರತ್ನಾ ಗಂಡನ ಮುಖ ನೋಡಿದರು. ಬಟ್ಟನ್ನು ಅವರ ಕೈಯಿಂದ ಕಸಿದು ಬಾಗಿಲಿನ ಗಾಜಿಗೇ ಬಾರಿಸಿದರು.

ಮಗುವನ್ನು ಎಳೆದುಕೊಂಡ ಮೇಲೆ ಮೋನಪ್ಪ ಒಳಗೆ ಕೈಹಾಕಿ ಎಂಜಿನ್ ಆಫ್ ಮಾಡಿದರು. ಮಳೆಯ ಸದ್ದು ಒಮ್ಮೆಲೇ ದೊಡ್ಡದಾಯಿತು.

ಯಕ್ಷಿತಾ ಒಮ್ಮೆ ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಸಂಜೆಯವರೆಗೆ ಇರಿಸಿಕೊಂಡು, ಭಯವಿಲ್ಲ ಎಂದು ಕಳಿಸಿದರು. ಕಾರು ಮಾತ್ರ ಮತ್ತೆ ಸ್ಟಾರ್ಟ್ ಆಗಲಿಲ್ಲ. ಟೋ ಮಾಡಿಸಿ ತಂದು ಮೂಲೆಯಲ್ಲಿ ನಿಲ್ಲಿಸಿ ಬಟ್ಟೆ ಹೊದಿಸಿದರು. ಅದರ ಹೆದರಿಕೆ ಅಂದಿಗೆ ಮುಗಿಯಿತು; ಅದಕ್ಕಿಂತ ಕೆಟ್ಟದ್ದು ಶುರುವಾಯಿತು.

ಮನೆಗೆ ಬಂದ ಮೇಲೆ ನಾಗರತ್ನಾ ಒಂದೇ ಸಲ ಕೇಳಿದರು, "ಬಟ್ಟು ಹಿಡಿದುಕೊಂಡು ಎಂತ ನೋಡ್ತಾ ಇದ್ರಿ?"

"ಮಗುವಿಗೆ ಚೂರು ತಾಗ್ತದಾ ಅಂತ."

"ಹೌದಾ" ಎಂದು ಅವರು ಅನ್ನ ಬಸಿಯಲು ಹೋದರು.

ಅಂದಿನಿಂದ ವಿನೋದಿನಿಯ ಫೋನು ಬಂದಾಗಲೆಲ್ಲ ಮೋನಪ್ಪ ಪೇಪರು ಮಡಚಿಟ್ಟು ಹೆಂಡತಿಯ ಕಡೆ ನೋಡುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದರೆ ಇಲ್ಲಿ ಕಿವಿ ನೆಟ್ಟಗಾಗುತ್ತಿತ್ತು, ಹಿಂದೆ ಎಂಜಿನ್ನಿನ ಸದ್ದಿಗೆ ಆಗುತ್ತಿದ್ದ ಹಾಗೆಯೇ. ಇವತ್ತು ಮಗಳಿಗೆ ಹೇಳಿಬಿಡುತ್ತಾಳೆ, ನಾಳೆ ಹೇಳಿಬಿಡುತ್ತಾಳೆ.

ಎರಡು ವಾರ ಕಳೆದು ವಿನೋದಿನಿಯೇ ಮಗಳನ್ನು ಕರೆದುಕೊಂಡು ಬಂದಳು. ಊಟಕ್ಕೆ ಕುಳಿತಿದ್ದರು. "ಪಪ್ಪಾ, ಆ ದಿನ ನೀವು ಇಲ್ಲದಿದ್ರೆ ಏನಾಗ್ತಿತ್ತೋ" ಎಂದಳು. ಅವಳು ನಿಜವಾಗಿಯೂ ಹಾಗೆಂದೇ ತಿಳಿದಿದ್ದಳು.

ಯಕ್ಷಿತಾ ಹಪ್ಪಳ ಮುರಿಯುತ್ತ ತಲೆಯೆತ್ತಿದಳು. "ಅಜ್ಜ ಮುಝೆ ನಹೀ ದೇಖ್ ರಹೇ ಥೇ, ಮಮ್ಮಾ. ಕಾಚ್ ದೇಖ್ ರಹೇ ಥೇ."

ನನ್ನನ್ನಲ್ಲ, ಗಾಜನ್ನು ನೋಡುತ್ತಿದ್ದರು ಎಂಬ ಆ ಮಾತಿಗೆ ಮೋನಪ್ಪ ಕೈಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ವಿನೋದಿನಿ ಅರ್ಥವಾಗದೆ ಅಪ್ಪನ ಕಡೆ ತಿರುಗಿದಳು.

ನಾಗರತ್ನಾ ಮಗುವಿನ ತಟ್ಟೆಗೆ ಸಾರು ಬಡಿಸಿದರು. "ಎಲ್ಲಿ ಒಡೆದ್ರೆ ನಿನಗೆ ತಾಗುವುದಿಲ್ಲ ಅಂತ ನೋಡ್ತಾ ಇದ್ರು ಮಗಾ. ನೀನು ಉಣ್ಣು" ಎಂದರು. ಆಮೇಲೆ ಎಲ್ಲರಿಗೂ ಸಾರು ಬಡಿಸಿದರು. ಮೋನಪ್ಪನವರ ತಟ್ಟೆಯ ಹತ್ತಿರ ಬಂದಾಗಲೂ ಅವರ ಮುಖ ನೋಡಲಿಲ್ಲ.