ವಾರಂಟು ಹುಡುಕಲು ಅಳಿಯನ ಜೊತೆ ಅಹಮದಾಬಾದಿಗೆ

ಮೊಮ್ಮಗಳು ಹುಟ್ಟಿ ಎಂಟು ದಿನವಾಗಿತ್ತು. ಆ ಎಂಟು ದಿನವೂ ನನ್ನ ಕಾಲು ಒಂದು ಕಡೆ ನಿಂತದ್ದಿಲ್ಲ. ಬರೋಡಾ ಹತ್ತಿರದ ಕೊಯಾಲಿಯ ಎಣ್ಣೆ ಕಾರ್ಖಾನೆಯಲ್ಲಿ ಅಳಿಯನಿಗೆ ಕೆಲಸ. ಅಲ್ಲಿನ ಕ್ವಾರ್ಟರ್ಸಿನಲ್ಲಿ ಎರಡೇ ಕೋಣೆ. ಒಂದರಲ್ಲಿ ಬಾಣಂತಿ ಮಗಳು, ಕೂಸು, ನನ್ನ ಹೆಂಡತಿ. ಇನ್ನೊಂದರಲ್ಲಿ ಅಳಿಯ ಮತ್ತು ನಾನು. ಕೂಸು ಅತ್ತರೆ ಹೋಗಿ ನೋಡುವೆ, ಅಳದಿದ್ದರೆ ಯಾಕೆ ಅಳಲಿಲ್ಲ ಎಂದು ಹೋಗಿ ನೋಡುವೆ. ಹೆಂಡತಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಏನ್ರೀ, ಲೋಕದಾಗ ನಿಮಗ ಒಬ್ರಿಗೇ ಮೊಮ್ಮಗಳು ಹುಟ್ಟ್ಯಾಳೇನು? ದಿನಕ್ಕ ಇಪ್ಪತ್ತ ಸಲ ಬಂದ್ರ ಬಾಣಂತಿ ಮಲಗೂದು ಯಾವಾಗ?"

"ಇಪ್ಪತ್ತಲ್ಲ, ಹತ್ತೊಂಬತ್ತು," ಎನ್ನುವೆ.

ಹೆರಿಗೆ ಧಾರವಾಡದಲ್ಲೇ ಆಗಬೇಕಿತ್ತು. ಅಷ್ಟು ದೂರದ ರೈಲು ಬೇಡ ಎಂದು ಡಾಕ್ಟರು ಹೇಳಿದ್ದರಿಂದ ನಾವೇ ಗಂಡ ಹೆಂಡತಿ ಅಂಟಿನುಂಡಿಯ ಡಬ್ಬಿ, ಖಾರಪುಡಿ, ಹಳೆಯ ಸೀರೆಗಳ ಗಂಟು ಕಟ್ಟಿಕೊಂಡು ಬಂದಿಳಿದಿದ್ದೆವು. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಆಗಿತ್ತು.

ಎಂಟನೆಯ ದಿನ ಮಧ್ಯಾಹ್ನ ಅಳಿಯನಿಗೊಂದು ಕಾರ್ಡು ಬಂತು. ಓದಿದವನೇ ಮುಖ ಬಿಳಿಚಿಕೊಂಡು ನನ್ನನ್ನು ಹಿತ್ತಿಲಿಗೆ ಕರೆದ.

"ಮಾವ, ಸ್ವಲ್ಪ ಈಚೆ ಬನ್ನಿ. ಅವಳಿಗೆ ಗೊತ್ತಾಗ್ಬಾರ್ದು."

ಅವನು ಮೈಸೂರು ಕಡೆಯವನು. ಕೊಯಾಲಿಗೆ ಬರುವ ಮೊದಲು ಅಹಮದಾಬಾದಿನ ನರೋಡಾದಲ್ಲಿ ಒಂದು ಕಾರ್ಖಾನೆಯಲ್ಲಿದ್ದ. ಅಲ್ಲಿ ರಸ್ತೆಯಲ್ಲಿ ಒಂದು ಲಾರಿ ಸೈಕಲ್ ಮೇಲೆ ಹೋಗುತ್ತಿದ್ದ ಮುದುಕನಿಗೆ ಬಡಿದದ್ದನ್ನು ಕಣ್ಣಾರೆ ಕಂಡಿದ್ದ. ಮುದುಕನ ಕಾಲು ಮುರಿದಿತ್ತು. ಇವನೇ ಅವನನ್ನು ಎತ್ತಿ ಕೂಡಿಸಿ, ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ ಸಹಿ ಮಾಡಿ ಬಂದಿದ್ದ. ಆಮೇಲೆ ಊರು ಬಿಟ್ಟ, ಮರೆತ. ಈಗ ಹಳೆಯ ಕೋಣೆಯ ಗೆಳೆಯ ಬರೆದಿದ್ದ: ಕೋರ್ಟಿನ ಸಮನ್ಸು ಎರಡು ಸಲ ಬಂದು ವಾಪಸ್ಸಾಗಿದೆ, ಮೊನ್ನೆ ಪೊಲೀಸನೇ ಬಂದು ಕೇಳಿ ಹೋದ, ವಾರಂಟು ಹೊರಟಿದೆಯಂತೆ.

"ಸಾಕ್ಷಿಗೆ ವಾರಂಟ್ ಬಂದ್ರ ಗಲ್ಲಿಗೇನ ಹಾಕೂದಿಲ್ಲ," ಎಂದು ನಕ್ಕೆ.

"ನಿಮಗೆ ನಗು ಮಾವ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಮುಂದಿನ ತಿಂಗಳು ಕಾಗದ ಬರ್ಬೇಕು. ಕಾರ್ಖಾನೆ ಗೇಟಲ್ಲಿ ಪೊಲೀಸ್ ನಿಂತು ನನ್ನ ಹೆಸರು ಕೇಳಿದ್ರೆ ಮುಗೀತು. ಸಾಕ್ಷಿಯೋ ಕಳ್ಳನೋ ಅಂತ ಯಾರು ವಿಚಾರಿಸ್ತಾರೆ?"

ನನ್ನ ನಗು ಅಲ್ಲಿಗೇ ನಿಂತಿತು. ಅವನು ಹೇಳಿದ್ದು ಸರಿ. ನಾನು ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಆದರೆ ಮೂವತ್ತೊಂದು ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟಿನ ಪಟ್ಟೇವಾಲನಾಗಿ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದೇನೆ, ರಜಿಸ್ಟರು ಹೊತ್ತಿದ್ದೇನೆ. ವಾರಂಟು ಮನೆಗೆ ಬರುವವರೆಗೆ ಕಾದವನ ಗತಿಯನ್ನೂ, ತಾನೇ ಹೋಗಿ ನಿಂತವನ ಗತಿಯನ್ನೂ ಕಂಡಿದ್ದೇನೆ.

"ನಾಳೆ ಮುಂಜಾನೆ ಗಾಡಿಗೆ ಹೋಗೂಣು," ಎಂದೆ. "ಅದು ನಮ್ಮನ್ನ ಹುಡುಕೂಕಿಂತ ಮೊದಲ ನಾವ ಅದನ್ನ ಹುಡುಕೂಣು."

ಮಗಳಿಗೆ ಹೇಳಲಿಲ್ಲ. ಬಾಣಂತಿ ಗಾಬರಿಯಾದರೆ ಎದೆಹಾಲು ಬತ್ತುತ್ತದೆ ಎಂಬುದು ಹೆಂಡತಿಯ ಕಟ್ಟಪ್ಪಣೆ. ಗಂಡನ ಆಫೀಸಿನ ಕೆಲಸವೆಂದೆವು. ಕೂಸನ್ನು ಒಂದು ಸಲ ನೋಡಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಇನ್ನೊಂದು ಸಲ ನೋಡಿ ಹೊರಟೆ. "ಗಾಡಿ ನಿಮ್ಮ ಸಲುವಾಗಿ ನಿಲ್ಲೂದಿಲ್ಲ," ಎಂದಳು ಹೆಂಡತಿ.

ರೈಲಿನಲ್ಲಿ ಅಳಿಯ ಗೆಳೆಯನ ಕಾರ್ಡನ್ನೇ ಮತ್ತೆ ಮತ್ತೆ ಓದುತ್ತಿದ್ದ. ಎದುರಿಗೆ ಕೂತ ಗುಜರಾತಿ ಹೆಂಗಸು ಕಾಗದದ ಪೊಟ್ಟಣ ಬಿಚ್ಚಿ ಕಡಲೆಹಿಟ್ಟಿನ ಗಾಠಿಯಾ ಕೊಟ್ಟರು. ನಾನು ನನ್ನ ಹರಕು ಮುರುಕು ಮರಾಠಿ ಹಿಂದಿಯಲ್ಲಿ ಮೊಮ್ಮಗಳ ಸುದ್ದಿ ಶುರುಮಾಡಿದೆ. ಆಣಂದ ಸ್ಟೇಷನ್ ದಾಟಿದರೂ ಮುಗಿಯಲಿಲ್ಲ. ಅವರು ತಮ್ಮ ಐದು ಮೊಮ್ಮಕ್ಕಳ ಸುದ್ದಿ ಹೇಳಿದರು. ನಾನು ಬಿಡಲಿಲ್ಲ, ನನ್ನ ಒಂದಕ್ಕೆ ಅವರ ಐದು ಸಮವಾಗಲಿಲ್ಲ.

ನರೋಡಾ ಠಾಣೆಯ ಎದುರಿಗೆ ಒಂದು ಚಹಾದಂಗಡಿ. ಅಳಿಯನನ್ನು ಅಲ್ಲಿ ಕೂಡಿಸಿದೆ. ವಾರಂಟು ಇದ್ದವನು ತಾನಾಗಿ ಒಳಗೆ ಹೋದರೆ ಜಮಾದಾರ ಅಲ್ಲೇ ಕೂಡಿಸಿಕೊಂಡಾನು. ನಾನೊಬ್ಬನೇ ಹೋದೆ. ಜಮಾದಾರ ದಪ್ಪ ಮೀಸೆಯವನು, ಆದರೆ ಮಾತು ಮೆತ್ತಗೆ.

"ಬೋಲೋ ಕಾಕಾ, ಏನು ಕೆಲಸ?"

ನಾನು ಕೋರ್ಟಿನ ಪಟ್ಟೇವಾಲನಾಗಿದ್ದೆ ಎಂದೊಡನೆ ಕುರ್ಚಿ ತೋರಿಸಿದ. ಅಲ್ಲಿಯೂ ನಮ್ಮಂಥವರಿಗೆ ಅದೇ ಹೆಸರು. ವಾರಂಟು ರಜಿಸ್ಟರು ತೆಗೆದ. ಧಾರವಾಡದಲ್ಲಿ ನಾನು ಹೊತ್ತ ರಜಿಸ್ಟರಿನ ಹಾಗೆಯೇ ಇತ್ತು. ಒಂದು ಕಾಲಕ್ಕೆ ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ಸರಕಾರಕ್ಕೆ ಸೇರಿದವಲ್ಲವೇ. ನಾನು ಅಳಿಯನ ಹೆಸರು ಹೇಳಿದೆ. ಅವನು ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಸಿದ. ಪುಟ ತಿರುವಿದ. ಮೂರು ತಿಂಗಳ ಪುಟಗಳು.

"ಇಲ್ಲ ಕಾಕಾ. ಈ ಹೆಸರಿನವ ಯಾರೂ ಇಲ್ಲ. ಮಜಾ ಮಾಡಿ, ಹೋಗಿ."

ಸುದ್ದಿ ಕೇಳಿದ ಅಳಿಯನ ಮುಖಕ್ಕೆ ಬಣ್ಣ ಬಂತು. ಎರಡು ಚಹಾ ಹೇಳಿದ.

"ಇಲ್ವಂತಲ್ಲ! ಹನ್ನೆರಡರ ಗಾಡಿ ಸಿಗುತ್ತೆ, ಏಳಿ ಮಾವ."

ನನಗೆ ಮಾತ್ರ ಚಹಾ ರುಚಿಸಲಿಲ್ಲ. ಎರಡು ಸಲ ಸಮನ್ಸು ವಾಪಸ್ಸಾಗಿದೆ, ಪೊಲೀಸನೂ ಮನೆಗೆ ಬಂದಿದ್ದಾನೆ. ಮತ್ತೆ ರಜಿಸ್ಟರಿನಲ್ಲಿಲ್ಲ ಎಂದರೆ ಹೇಗೆ? ಕಾಗದವಂತೂ ಎಲ್ಲೋ ಇರಬೇಕು.

"ಅಳಿಯಂದ್ರ, ಆವತ್ತು ಠಾಣೆದಾಗ ನಿಮ್ಮ ಹೆಸರು ಹ್ಯಾಂಗ ಹೇಳಿದ್ರಿ?"

"ಇದೇನ್ ಕೇಳ್ತೀರಿ? ಪೂರ್ತಿ ಹೆಸರು ಹೇಳಿ ಅಂದ್ರು. ಸ್ಕೂಲಲ್ಲಿ ಇರೋ ಹಾಗೇ ಹೇಳ್ದೆ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ನನ್ನ ಹೆಸರು."

ನಾನು ಹಣೆ ಬಡಿದುಕೊಂಡೆ. ನಮ್ಮ ಧಾರವಾಡದವರದು ಗುಜರಾತಿನವರ ಹಾಗೆಯೇ: ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಅಡ್ಡಹೆಸರು. ಮೈಸೂರಿನವರಿಗೆ ಊರೇ ಮುಂದೆ. ಬರೆದುಕೊಂಡ ಪೊಲೀಸನಿಗೆ ಊರೇ ಆಸಾಮಿಯಾಗಿ ಕಂಡಿದ್ದರೆ ತಪ್ಪೇನು? ಲಗ್ನಪತ್ರಿಕೆ ಬರೆಸುವಾಗಲೂ ಇದೇ ಗೊಂದಲವಾಗಿತ್ತು.

"ನಿಮ್ಮ ಕಡೆ ಹೆಸರಿಗೆ ತಲಿ ಯಾವುದು, ಕಾಲು ಯಾವುದು ತಿಳಿಯೂದಿಲ್ಲ ನೋಡ್ರಿ," ಎಂದೆ. "ನಿಮ್ಮ ಊರಿಗೆ ವಾರಂಟ್ ಹೊರಡಿಸ್ಯಾರ!"

"ಊರಿನ ಹೆಸರು ಮುಂದಿದ್ರೆ ತಪ್ಪಾ ಮಾವ? ಹೆಸರಿಗೊಂದು ನೆಲೆ ಬೇಡ್ವಾ?"

"ನೆಲಿ ಇರಲಿ. ಈಗ ಏಳ್ರಿ."

ಮತ್ತೆ ಠಾಣೆಗೆ ಹೋಗಲಿಲ್ಲ, ಕೋರ್ಟಿಗೆ ಹೋದೆವು. ಹೆಸರು ಹೇಗೆ ಬೇಕಾದರೂ ಬರೆದಿರಬಹುದು, ಆದರೆ ಅಪಘಾತ ನಡೆದ ದಿನ ಒಂದೇ. ಲಾರಿ ಬಡಿದದ್ದು ಯಾವತ್ತು ಎಂದು ಕೇಳಿದೆ. ಅಳಿಯನಿಗೆ ತಾರೀಖು ನೆನಪಿರಲಿಲ್ಲ. ಆದರೆ ತಂತಿಗಳ ಮೇಲೆಲ್ಲ ಗಾಳಿಪಟದ ದಾರ ನೇತಾಡುತ್ತಿತ್ತು, ಮುದುಕನ ಸೈಕಲ್ ಚಕ್ರಕ್ಕೂ ಗುಲಾಬಿ ದಾರ ಸುತ್ತಿತ್ತು ಎಂದ. ಇನ್ನೇನು ಬೇಕು! ಸಂಕ್ರಾಂತಿಗೆ ಆ ಊರಿನಲ್ಲಿ ಎರಡು ದಿನ ಗಾಳಿಪಟ. ಹಬ್ಬದ ದಿನ ಇವನು ಕೋಣೆಯ ಮಾಳಿಗೆ ಬಿಟ್ಟು ಇಳಿದಿರಲಿಲ್ಲವಂತೆ; ಅಂದರೆ ಮರುದಿನ.

ಕೋರ್ಟಿನ ಪಟ್ಟೇವಾಲ ನನ್ನ ವಯಸ್ಸಿನವನೇ. ನಾನು ಯಾರೆಂದು ತಿಳಿದ ಮೇಲೆ ಮಂಡಿನೋವಿನ ಸುಖದುಃಖ ಹಂಚಿಕೊಂಡೆವು. ನನಗೆ ಮೊಮ್ಮಗಳು ಹುಟ್ಟಿದ್ದನ್ನೂ ಹೇಳಿದೆ. ಅವನು ಒಳಗಿನ ಕಾರಕೂನನ ಹತ್ತಿರ ಕರೆದೊಯ್ದ. ಆ ಠಾಣೆಯ ಹೆಸರು, ಸಂಕ್ರಾಂತಿಯ ಮರುದಿನ, ಲಾರಿ, ಸೈಕಲ್ಲು—ಇಷ್ಟು ಹೇಳಿದ್ದಕ್ಕೆ ಕಾರಕೂನ ಖಟ್ಲೆಯ ನಂಬರು ತೆಗೆದ, ನಂಬರಿನಿಂದ ಕಾಗದದ ಕಟ್ಟು ತೆಗೆದ. ಸಾಕ್ಷಿಗಳ ಪಟ್ಟಿಯಲ್ಲಿ ಎರಡನೆಯದಾಗಿ ಅಳಿಯನ ಹುಟ್ಟೂರು ಮನುಷ್ಯನಾಗಿ ಕೂತಿತ್ತು. ಪಕ್ಕದಲ್ಲಿ ಕೆಂಪು ಶಾಯಿ: ವಾರಂಟು.

ಅಳಿಯ ನನ್ನ ಕಿವಿಯಲ್ಲಿ ಹೇಳಿದ: "ಮಾವ, ಈ ಹೆಸರಿಂದ ನನ್ನನ್ನ ಕೊಯಾಲೀಲಿ ಯಾರೂ ಹುಡುಕೋಕಾಗಲ್ಲ. ಸುಮ್ಮನೆ ಹೋಗ್ಬಿಡೋಣ್ವಾ?"

ನಾನು ಬೈಯಲಿಲ್ಲ. ಆ ಆಸೆ ನನಗೂ ಒಂದು ಗಳಿಗೆ ಬಂದಿತ್ತು.

"ಕೆಳಗ ಸಹಿ ನಿಮ್ಮದ ಅದ," ಎಂದೆ. "ಗೆಳ್ಯಾ ಇವತ್ತಿಲ್ಲಾ ನಾಳೆ ವಿಳಾಸ ಹೇಳ್ತಾನ. ಜೀವ ಇರೂತನಕಾ ಗೇಟಿನ ಕಡೆ ನೋಡ್ಕೋತ ಕೆಲಸಾ ಮಾಡ್ತೀರೇನು? ಆ ಮುದುಕನ್ನ ಎತ್ತಿ ಕೂಡಿಸಿದವರು ನೀವ. ಹೇಳಿ ಕೈ ತೊಳಕೊಳ್ರಿ."

ಅವನು ಕಾರಕೂನನ ಕಡೆ ತಿರುಗಿ ಅರ್ಜಿ ಬರೆಯಲು ಕಾಗದ ಕೇಳಿದ.

ಊಟದ ಬಿಡುವಿನ ನಂತರ ಸಾಹೇಬರ ಮುಂದೆ ನಿಂತ. ಊರು ಬಿಟ್ಟದ್ದು, ಸಮನ್ಸು ಕೈಗೆ ಸಿಗದಿದ್ದದ್ದು, ತಾನಾಗಿ ಬಂದದ್ದು ಎಲ್ಲ ಹಿಂದಿಯಲ್ಲಿ ಹೇಳಿದ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಹಾಗಾದರೆ ಇದು ಊರಿನ ಹೆಸರೋ? ನಾನು ಇಷ್ಟು ದಿನ ಊರಿನ ಮೇಲೆ ಸಿಟ್ಟಾಗಿದ್ದೆನೋ?"

ವಾರಂಟು ರದ್ದು ಎಂದು ಬರೆದರು. ಖಟ್ಲೆಯ ಮುಂದಿನ ತಾರೀಖು ಆಗಲೇ ಗೊತ್ತಾಗಿದೆ, ಅಂದು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಸಾಕ್ಷಿ ಹೇಳಬೇಕು ಎಂದರು. ತಾರೀಖು ಕೇಳಿ ನಾನು ಬೆರಳು ಮಡಿಸಿ ಎಣಿಸಿದೆ. ಅದು ಹದಿಮೂರನೆಯ ದಿನ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಕೆಮ್ಮಿದವರನ್ನೂ ಗದರಿಸಿದವನು ನಾನು. ಹಿಂದಿನ ಸಾಲಿನಿಂದ ನನ್ನ ಬಾಯಿಯೇ ಕೂಗಿತು:

"ಸಾಹೇಬ, ಅವತ್ತು ನನ್ನ ಮೊಮ್ಮಗಳ ಹೆಸರಿಡೋ ದಿನ!"

ಪಟ್ಟೇವಾಲ ನನ್ನತ್ತ ಕಣ್ಣು ಬಿಟ್ಟ. ಸಾಹೇಬರು ಪೆನ್ನು ಕೆಳಗಿಟ್ಟರು.

"ಯಾರಿವರು?"

"ನನ್ನ ಮಾವ," ಎಂದ ಅಳಿಯ, ತಪ್ಪೊಪ್ಪಿಕೊಂಡ ಹಾಗೆ.

"ಮೊದಲನೆಯ ಮೊಮ್ಮಗುವೋ?"

"ಹೌದು ಸಾಹೇಬ. ಮೂಗು ನಂದೇ ಬಂದಿದೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ಸಾಹೇಬರೂ ನಕ್ಕರು. ಬೆಳಗಿನ ಹೊತ್ತು ಹೆಸರಿಟ್ಟು ಮೂರು ಗಂಟೆಗೆ ಬರಲಿ, ಇವನ ಸಾಕ್ಷಿ ಕೊನೆಗೆ ತೆಗೆದುಕೊಳ್ಳೋಣ ಎಂದು ಬರೆಸಿದರು. ಹಾಗೆಯೇ ಆಯಿತು. ಆವತ್ತು ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಹೋಳಿಗೆಯ ಬುತ್ತಿ ಹಿಡಿದು ಓಡಿದ ಅಳಿಯ ಹೇಳಬೇಕಾದದ್ದನ್ನು ಹೇಳಿ ಬಂದ.

ಆದರೆ ನಾನು ಹೇಳುತ್ತಿರುವುದು ಒಂಬತ್ತನೆಯ ದಿನದ ಮಾತು. ಕೋರ್ಟಿನಿಂದ ಹೊರಗೆ ಬಂದದ್ದೇ ಅಳಿಯ ಸ್ಟೇಷನ್ನಿನ ಕಡೆ ತಿರುಗಿದ. ನಾನು ತೋಳು ಹಿಡಿದೆ.

"ಎಲ್ಲಿಗೆ? ಕೋರ್ಟ್ ರದ್ದು ಮಾಡಿದ್ರ ಠಾಣೆಗೆ ಕನಸು ಬೀಳ್ತದೇನು? ವಾರಂಟಿನ ಕಾಗದ ಅವರ ಕಡೆ ಇನ್ನೂ ಜೀವಂತ ಅದ."

ಎಷ್ಟು ಜನ ಹೀಗೆ ಕೋರ್ಟಿನಲ್ಲಿ ಬಿಡಿಸಿಕೊಂಡು ಹೋಗಿ, ಮುಂದಿನ ವಾರ ಅದೇ ವಾರಂಟಿನಲ್ಲಿ ಮತ್ತೆ ನಮ್ಮ ಬಾಗಿಲಿಗೆ ಬಂದು ನಿಂತಿದ್ದರೋ! ರದ್ದಿನ ಹುಕುಮಿನ ನಕಲು ಕೈಯಲ್ಲಿ ಹಿಡಿದು ಠಾಣೆಗೆ ಹೋದೆವು. ಜಮಾದಾರ ಗಸ್ತಿಗೆ ಹೋಗಿದ್ದ. ನಾಲ್ಕೂವರೆಯ ಗಾಡಿ ಹೋಯಿತು. ಅಳಿಯ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ.

"ಕೊಟ್ಟು ಹೋಗೋಣ ಮಾವ, ಅವರೇ ಬರ್ಕೋತಾರೆ."

"ಬರಿಯೂದನ್ನ ನಾ ಕಣ್ಲೇ ನೋಡಬೇಕು."

ಜಮಾದಾರ ಬಂದ. ನಮ್ಮಿಬ್ಬರನ್ನೂ ನೋಡಿ, ಹುಕುಮು ಓದಿ, ತೊಡೆ ತಟ್ಟಿಕೊಂಡ.

"ಅರೇ ಕಾಕಾ! ಇವನೋ ಅವನು? ಎದುರಿನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದನಲ್ಲ! ನಾನು ಇಡೀ ನರೋಡಾ ಹುಡುಕಿದೆ!"

ರಜಿಸ್ಟರು ತೆಗೆದು, ಊರಿನ ಹೆಸರಿನ ಮುಂದೆ ಬೆರಳಿಟ್ಟ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಸಹಿ ಹಾಕಿ, ಶಾಯಿ ಒಣಗಲು ಊದಿದ. ಅಳಿಯ ಬಗ್ಗಿ ಆ ಸಾಲನ್ನು ಎರಡು ಸಲ ಓದಿದ. ನಿನ್ನೆಯಿಂದ ಬಿಗಿದಿದ್ದ ಅವನ ಹೆಗಲು ಆಗ ಇಳಿಯಿತು.

"ನಾಳೆ ಬೆಳಿಗ್ಗೆ ಪಾಳಿ ಇದೆ ಮಾವ," ಎಂದ ಹೊರಗೆ ಬಂದು. "ಗೇಟಲ್ಲಿ ಯಾರ್ ನಿಂತಿದ್ರೂ ನಮಸ್ಕಾರ ಹೇಳ್ಕೊಂಡೇ ಒಳಗೆ ಹೋಗ್ತೀನಿ. ಬನ್ನಿ, ಎಲ್ಲಾದ್ರೂ ಆರಾಮಾಗಿ ಕೂತು ಊಟ ಮಾಡೋಣ. ಇನ್ನೇನು ಅವಸರ?"

"ನಿಮಗಿಲ್ಲ," ಎಂದೆ. "ನಾ ಕೂಸಿನ ಮಾರಿ ನೋಡಿ ಹನ್ನೆರಡ ತಾಸಾತು."

ಧೋತರದ ಚುಂಗು ಮೇಲೆತ್ತಿಕೊಂಡು ಸ್ಟೇಷನ್ನಿನ ಕಡೆ ಬಿರಬಿರನೆ ನಡೆದೆ. ಅಳಿಯ ನಗುತ್ತ ಹಿಂದೆ ಓಡಿ ಬಂದ.